ಸಿಂಥೆಟಿಕ್ ಹಾಕ್ಬೇಕೋ, ಸಾದಾ ಆಯಿಲ್ ಸಾಕೋ?

ನಾವು ಮೂವರು. ಇಬ್ಬರು ಬಸವಕಲ್ಯಾಣದವರು, ಒಬ್ಬ ಹುಮನಾಬಾದ್‌ನವನು. ಮೂವರೂ ಮೆಕ್ಯಾನಿಕಲ್ ಸೆಕೆಂಡ್ ಇಯರ್. ರಜೆಗೆ ಊರಿಗೆ ಹೋದರೆ ಯಾರೂ ನಮಗೆ ಥರ್ಮೊಡೈನಮಿಕ್ಸ್ ಪ್ರಶ್ನೆ ಕೇಳಲ್ಲ. "ಏನಪಾ ಎಂಜಿನಿಯರ್, ಗಾಡಿಗೆ ಯಾವ ಆಯಿಲ್ ಚಲೋ? ಸಿಂಥೆಟಿಕ್ ಅಂತ ಬಂದದಲ್ಲ, ಅದು ಹಾಕ್ಬೇಕೇನು?" ಅಂತ ಕೇಳ್ತಾರೆ.

ಫಸ್ಟ್ ಇಯರ್‌ನಲ್ಲಿದ್ದಾಗ ನಾವು ಈ ಪ್ರಶ್ನೆಗೆ ಬಹಳ ಧೈರ್ಯದಿಂದ ಉತ್ತರ ಕೊಟ್ಟೆವು. ನಮ್ಮಲ್ಲೊಬ್ಬನ ಕಾಕಾ ಅವರದು ಒಂದು ಹಳೇ ಲಾರಿ ಇದೆ. ಮನೆ ನಡೆಯೋದೇ ಅದರ ಮೇಲೆ. "ಸಿಂಥೆಟಿಕ್ ಹಾಕ್ರಿ ಕಾಕಾ, ಡಬಲ್ ಕಿಲೋಮೀಟರ್ ಓಡ್ತದ" ಅಂದೆವು. ಆಯಿಲ್ ಅಂಗಡಿಯವರೂ ಅದನ್ನೇ ಹೇಳಿದ್ದರು. ಕಾಕಾ ನಂಬಿದರು. 15,000 ಕಿ.ಮೀ.ಗೆ ಒಮ್ಮೆ ಬದಲಿಸುತ್ತಿದ್ದ ಆಯಿಲನ್ನು ಈ ಸಲ 30,000 ತನಕ ಓಡಿಸೋಣ ಅಂತ ಬಿಟ್ಟರು. 22,000 ಆಗುವಷ್ಟರಲ್ಲಿ ಹೈವೇ ಮೇಲೆ ಆಯಿಲ್ ಪ್ರೆಶರ್ ಲೈಟ್ ಹತ್ತಿತು. ಸ್ವಲ್ಪ ಹೊತ್ತಿಗೆ ಎಂಜಿನ್ನಿನಿಂದ ಟಕ್ ಟಕ್ ಸದ್ದು. ಬಿಚ್ಚಿ ನೋಡಿದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿತ್ತು, ಕ್ರ್ಯಾಂಕ್‌ಶಾಫ್ಟ್ ಮೇಲೆ ಗೀರು ಬಿದ್ದಿತ್ತು. ಲಾರಿ ಮೂರು ವಾರ ನಿಂತಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ.

ಕಾಕಾ ನಮಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಅನ್ನಿಸಿತು. ಆಮೇಲೆ ನಾವು ಕೂತು ಓದಿದೆವು, ಮಿಸ್ತ್ರಿಗಳನ್ನು ಕೇಳಿದೆವು, ಲೆಕ್ಕ ಹಾಕಿದೆವು. ಆಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ನಿಮ್ಮ ಊರಲ್ಲೂ ನಿಮಗೆ ಇದೇ ಪ್ರಶ್ನೆ ಬರುತ್ತೆ. ನಮ್ಮ ಹಾಗೆ ಉತ್ತರ ಕೊಡಬೇಡಿ.

ಮಿಸ್ತ್ರಿ ಹೇಳಿದ ಮಾತು

ಪುಣೆ–ಹೈದರಾಬಾದ್ ಹೈವೇ, ಅಂದರೆ ಮೊದಲಿನ ಎನ್‌ಎಚ್ 9, ಈಗಿನ ಎನ್‌ಎಚ್ 65, ನಮ್ಮ ಎರಡೂ ತಾಲೂಕುಗಳ ಮೂಲಕ ಹೋಗುತ್ತೆ. ಹುಮನಾಬಾದ್‌ನಲ್ಲಿ ಅದಕ್ಕೆ ಬೀದರ್–ಕಲಬುರಗಿ ಕಡೆಯ ಎನ್‌ಎಚ್ 50 ಬಂದು ಕೂಡುತ್ತೆ. ಹಗಲೂ ರಾತ್ರಿ ಲಾರಿ. ಹಾಗಾಗಿ ಬಸವಕಲ್ಯಾಣದ ಆಟೋ ನಗರದಲ್ಲಿ ಲಾರಿ ಬಾಡಿ ಕಟ್ಟೋರು, ಹಳೇ ಲಾರಿ ಮಾರೋರು, ಎಂಜಿನ್ ಬಿಚ್ಚಿ ಜೋಡಿಸೋರು ಎಲ್ಲರೂ ಸಿಗ್ತಾರೆ. ಕಾಕಾ ಅವರ ಎಂಜಿನ್ ಬಿಚ್ಚಿದ್ದು ಅಲ್ಲೇ.

ಬಿಚ್ಚಿದ ಮಿಸ್ತ್ರಿ ಮೊದಲು ಕೇಳಿದ್ದು ಆಯಿಲ್ ಬ್ರ್ಯಾಂಡ್ ಅಲ್ಲ. "ಡಿಪ್‌ಸ್ಟಿಕ್ ಕಡೀಕ್ ಯಾವಾಗ ನೋಡೀರಿ?" ಅಂದರು. ಕಾಕಾ ಸುಮ್ಮನಾದರು. ದುಬಾರಿ ಆಯಿಲ್ ಅದ, ನೋಡೋದು ಬೇಕಿಲ್ಲ ಅಂತ ಬಿಟ್ಟಿದ್ದರು. ಮಿಸ್ತ್ರಿ ಅಂದರು, "ಎಂಜಿನ್ ಹಳೇದದ, ಎಣ್ಣಿ ಕುಡೀತದ. ಯಾವ ಎಣ್ಣಿ ಹಾಕೀರಿ ಅಂತ ಅದು ಕೇಳಂಗಿಲ್ಲ, ಎಷ್ಟದ ಅಂತ ಕೇಳ್ತದ."

ನಡೆದದ್ದು ಇಷ್ಟು. ಪಿಸ್ಟನ್ ರಿಂಗ್ ಸವೆದಿತ್ತು. ಸ್ವಲ್ಪ ಸ್ವಲ್ಪ ಆಯಿಲ್ ಸಿಲಿಂಡರ್‌ಗೆ ಏರಿ ಉರಿದು ಹೋಗುತ್ತಿತ್ತು. ಉರಿದ ಗ್ಯಾಸ್ ರಿಂಗ್ ಪಕ್ಕದಿಂದ ಕೆಳಗಿಳಿದು ಉಳಿದ ಆಯಿಲ್‌ಗೆ ಮಸಿ ಬೆರೆಸುತ್ತಿತ್ತು. 15,000ಕ್ಕೆ ಬದಲಿಸುವಾಗ ಇದು ಮುಚ್ಚಿಹೋಗುತ್ತಿತ್ತು. 22,000ದ ಹೊತ್ತಿಗೆ ಸಂಪ್‌ನಲ್ಲಿ ಆಯಿಲ್ ಕನಿಷ್ಠ ಗೆರೆಗಿಂತ ಕೆಳಗಿಳಿದು, ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯತೊಡಗಿತು. ಡಬ್ಬಿಯೊಳಗಿನ ಆಯಿಲ್‌ನಲ್ಲಿ ದೋಷ ಇರಲಿಲ್ಲ. ಹಳೇ ಎಂಜಿನ್ನಿಗೆ ಹೊಸ ಎಂಜಿನ್ನಿನ ಗಡುವು ಕೊಟ್ಟದ್ದು ನಮ್ಮ ತಪ್ಪು.

ಎರಡರಲ್ಲಿ ವ್ಯತ್ಯಾಸ ಏನು?

ಎಂಜಿನ್ ಆಯಿಲ್‌ನಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಬೇಸ್ ಆಯಿಲ್. ಉಳಿದದ್ದು ಅಡಿಟಿವ್. ಕೊಳೆ ತೊಳೆಯುವ ಡಿಟರ್ಜೆಂಟ್, ಮಸಿಯ ಕಣಗಳು ಒಂದಕ್ಕೊಂದು ಅಂಟದ ಹಾಗೆ ತೇಲಿಸಿ ಇಡುವ ಡಿಸ್ಪರ್ಸೆಂಟ್, ಲೋಹಕ್ಕೆ ಲೋಹ ತಾಗಿದಾಗ ಕಾಪಾಡುವ ಸತುವಿನ ಸಂಯುಕ್ತ, ಆಯಿಲ್ ಬೇಗ ಹಾಳಾಗದಂತೆ ತಡೆಯುವ ಆಂಟಿಆಕ್ಸಿಡೆಂಟ್ ಇತ್ಯಾದಿ. ಸಿಂಥೆಟಿಕ್, ಮಿನರಲ್ ಅನ್ನೋ ಜಗಳ ಬೇಸ್ ಆಯಿಲ್‌ಗೆ ಸಂಬಂಧಿಸಿದ್ದು. ಅಡಿಟಿವ್ ಎರಡಕ್ಕೂ ಬೇಕು.

ಮಿನರಲ್ ಬೇಸ್ ಆಯಿಲ್ ಕಚ್ಚಾ ತೈಲವನ್ನು ಸೋಸಿ, ಶುದ್ಧ ಮಾಡಿ ತೆಗೆದದ್ದು. ಅದರಲ್ಲಿ ಸಣ್ಣ, ದೊಡ್ಡ, ಉಂಗುರದ ಆಕಾರದ, ಉದ್ದ ಸರಪಳಿಯ ಅಣುಗಳೆಲ್ಲ ಬೆರೆತಿರುತ್ತವೆ. ನಮ್ಮ ಕಡೆ ರಾಶಿ ಮಾಡಿದ ತೊಗರಿಯನ್ನು ಜರಡಿ ಹಿಡಿದರೂ ಎಲ್ಲ ಕಾಳೂ ಒಂದೇ ಅಳತೆ ಇರೋದಿಲ್ಲವಲ್ಲ, ಹಾಗೆ. ಪಾಲಿಆಲ್ಫಾಓಲಿಫಿನ್, ಅಂದರೆ ಪಿಎಒ ಅನ್ನೋ ಸಿಂಥೆಟಿಕ್ ಬೇಸ್ ಬೇರೆ ದಾರಿಯಲ್ಲಿ ಬರುತ್ತೆ. ಎಥಿಲೀನ್‌ನಿಂದ ಹತ್ತು ಕಾರ್ಬನ್‌ನ ಡೆಸೀನ್ ಮಾಡಿ, ಅಂಥ ಮೂರು ನಾಲ್ಕು ಅಣು ಜೋಡಿಸಿ, ಕೊನೆಗೆ ಹೈಡ್ರೋಜನ್ ಸೇರಿಸ್ತಾರೆ. ಅಣುಗಳು ಬಹುಮಟ್ಟಿಗೆ ಒಂದೇ ತರಹ ಇರುತ್ತವೆ. ಬೇಗ ಆವಿಯಾಗುವ ಸಣ್ಣ ಅಣು ಕಡಿಮೆ, ಚಳಿಯಲ್ಲಿ ಗಟ್ಟಿಯಾಗುವ ಮೇಣ ಇಲ್ಲವೇ ಇಲ್ಲ.

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಬೇಸ್ ಆಯಿಲ್‌ಗಳನ್ನು ಐದು ಗುಂಪು ಮಾಡಿದೆ. ಗುಂಪು 1 ಮತ್ತು 2 ಮಿನರಲ್. ಗುಂಪು 1ರಲ್ಲಿ ಗಂಧಕ ಹೆಚ್ಚು, ಗುಂಪು 2ರಲ್ಲಿ 0.03 ಶೇಕಡಾಕ್ಕಿಂತ ಹೆಚ್ಚಿಲ್ಲ. ಗುಂಪು 3 ಕೂಡ ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಹೈಡ್ರೋಜನ್ ಹಾಯಿಸಿ ಅಣುಗಳನ್ನೇ ಒಡೆದು ಮರುಜೋಡಿಸಿದ್ದು. ಗುಂಪು 4 ಪಿಎಒ. ಗುಂಪು 5ರಲ್ಲಿ ಎಸ್ಟರ್ ಮುಂತಾದ ಉಳಿದವೆಲ್ಲ.

ಇಲ್ಲೊಂದು ಮಜಾ ಇದೆ. ಗುಂಪು 3 ಸಿಂಥೆಟಿಕ್ಕೋ ಅಲ್ಲವೋ? ಈ ಪ್ರಶ್ನೆ ಮೇಲೆ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳು ಜಗಳಾಡಿದವು. ಗುಂಪು 3ರ ಆಯಿಲನ್ನು ಕ್ಯಾಸ್ಟ್ರಾಲ್ ಸಿಂಥೆಟಿಕ್ ಅಂತ ಮಾರುತ್ತಿದೆ ಅಂತ ಮೊಬಿಲ್ ಅಲ್ಲಿನ ಜಾಹೀರಾತು ವಿವಾದ ನೋಡುವ ಸಂಸ್ಥೆಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರ ಬಂತು. ಅಲ್ಲಿಂದ ಈಚೆಗೆ ಗುಂಪು 3ರ ಆಯಿಲ್ ಡಬ್ಬಿ ಮೇಲೂ ಫುಲ್ಲಿ ಸಿಂಥೆಟಿಕ್ ಅಂತ ಬರೆಯೋದು ರೂಢಿಯಾಯಿತು. ಅಂದರೆ ನಾವು ಅಂಗಡಿಯಲ್ಲಿ "ಸಿಂಥೆಟಿಕ್ ಕೊಡ್ರಿ" ಅಂದಾಗ ಸಿಗೋದು ಗುಂಪು 3 ಇರಬಹುದು, 4 ಇರಬಹುದು, ಎರಡರ ಮಿಶ್ರಣವೂ ಇರಬಹುದು. ಸೆಮಿ ಸಿಂಥೆಟಿಕ್ ಡಬ್ಬಿ ಮೇಲೆ ಸಿಂಥೆಟಿಕ್ ಎಷ್ಟು ಪಾಲು ಅಂತ ಬರೆದಿರೋದಿಲ್ಲ. ಗುಂಪು 3 ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ, ಅದು ಚಲೋ ಆಯಿಲ್. ಆದರೆ ಒಂದು ಪದ ನೋಡಿ ದುಡ್ಡು ಕೊಡಬಾರದು.

ಮೊದಲು ನಂಬರ್ ಓದಿ

15ಡಬ್ಲ್ಯೂ-40 ಅಂತ ಡಬ್ಬಿ ಮೇಲೆ ಇರುತ್ತೆ. ಇದು ಎಸ್‌ಎಇ ಗ್ರೇಡ್. ಡಬ್ಲ್ಯೂ ಅಂದರೆ ವಿಂಟರ್. ಅದರ ಹಿಂದಿನ 15 ಚಳಿಯ ಪರೀಕ್ಷೆಗೆ ಸಂಬಂಧಿಸಿದ್ದು. ಮೈನಸ್ 20 ಡಿಗ್ರಿಯಲ್ಲಿ ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸಬಲ್ಲಷ್ಟು, ಮೈನಸ್ 25ರಲ್ಲಿ ಪಂಪ್ ಎಳೆಯಬಲ್ಲಷ್ಟು ತೆಳು ಇದ್ದರೆ ಅದು 15ಡಬ್ಲ್ಯೂ. 5ಡಬ್ಲ್ಯೂ ಆದರೆ ಅದೇ ಪರೀಕ್ಷೆ ಮೈನಸ್ 30 ಮತ್ತು ಮೈನಸ್ 35ರಲ್ಲಿ.

ಬೀದರ್ ಜಿಲ್ಲೆಯ ಚಳಿ ರಾಜ್ಯದಲ್ಲಿ ಹೆಸರುವಾಸಿ. ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತೆ. ಬೆಳಿಗ್ಗೆ ಕಂಬಳಿ ಹೊದ್ದು ಗಾಡಿ ಚಾಲೂ ಮಾಡೋರಿಗೆ ಅದು ದೊಡ್ಡ ಚಳಿಯೇ. ಆದರೆ 15ಡಬ್ಲ್ಯೂ ಆಯಿಲ್‌ನ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. ತಣ್ಣಗಿರುವ ಎಂಜಿನ್ನಿಗೆ 5ಡಬ್ಲ್ಯೂ ಸ್ವಲ್ಪ ಬೇಗ ಮೇಲೇರುತ್ತೆ ನಿಜ. ಆದರೆ ಸಿಂಥೆಟಿಕ್‌ನ ಅತಿ ದೊಡ್ಡ ಗುಣ ಮೈನಸ್ 30ರಲ್ಲಿ ಹರಿಯೋದು. ಕೆನಡಾದವರಿಗೆ ಅದು ಬೇಕೇ ಬೇಕು. ಹುಮನಾಬಾದ್‌ನಲ್ಲಿ ಆ ಗುಣಕ್ಕೆ ದುಡ್ಡು ಕೊಟ್ಟರೂ ಅದು ಉಪಯೋಗಕ್ಕೆ ಬರೋ ದಿನ ಬರೋದಿಲ್ಲ.

ಎರಡನೇ ನಂಬರ್ 40. ಆಯಿಲ್ 100 ಡಿಗ್ರಿಯಲ್ಲಿ ಇದ್ದಾಗ ಅದರ ಕೈನೆಮ್ಯಾಟಿಕ್ ವಿಸ್ಕಾಸಿಟಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು ಅಂತ ಅರ್ಥ. 30 ಆದರೆ 9.3ರಿಂದ 12.5. ಈ ಮಿತಿ ಮಿನರಲ್‌ಗೂ ಅದೇ, ಸಿಂಥೆಟಿಕ್‌ಗೂ ಅದೇ. "ಸಿಂಥೆಟಿಕ್ ತೆಳ್ಳಗಿರ್ತದ, ಹಳೇ ಎಂಜಿನ್ನಿಗೆ ಬ್ಯಾಡ" ಅನ್ನೋ ಮಾತು ಇಲ್ಲಿಯೇ ಬಿದ್ದುಹೋಗುತ್ತೆ. ತೆಳ್ಳಗಿರೋದು 30 ಗ್ರೇಡ್, ಸಿಂಥೆಟಿಕ್ ಅಲ್ಲ.

ಈ ನಂಬರ್ ಯಾಕೆ ಮುಖ್ಯ ಅಂದರೆ, ಓಡುವ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್‌ಗೆ ತಾಗೋದಿಲ್ಲ. ಆಯಿಲ್‌ನ ಪೊರೆ ಮೇಲೆ ತೇಲುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನ್ಯೂಟನ್ನನ ವಿಸ್ಕಾಸಿಟಿ ನಿಯಮ ಬರೆದು ಮಾರ್ಕ್ಸ್ ತಗೊಂಡಿದ್ದೆವಲ್ಲ, ಆ ನಿಯಮ ಬೇರಿಂಗ್ ಒಳಗೆ ನಿಂತು ಕೆಲಸ ಮಾಡ್ತಾ ಇರುತ್ತೆ. ಹೆಚ್ಚು ಲೋಡ್ ಬಿದ್ದಲ್ಲಿ ಆ ಪೊರೆ ಕೆಲವೇ ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ಗ್ರೇಡ್ ತೀರಾ ತೆಳುವಾದರೆ ಪೊರೆ ಹರಿಯುತ್ತೆ. ತೀರಾ ದಪ್ಪವಾದರೆ ಆಯಿಲ್ ನಿಧಾನ ತಲುಪುತ್ತೆ, ಡೀಸೆಲ್ ಹೆಚ್ಚು ಕುಡಿಯುತ್ತೆ.

ಆಮೇಲೆ ಅಕ್ಷರ ಓದಿ

ಗ್ರೇಡ್ ಪಕ್ಕದಲ್ಲಿ ಎಪಿಐ ದರ್ಜೆ ಇರುತ್ತೆ. ಎಸ್ ಇಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಇಂದ ಶುರುವಾದರೆ ಡೀಸೆಲ್‌ಗೆ. ಡೀಸೆಲ್‌ನಲ್ಲಿ ಸಿಐ-4 ಬಂದದ್ದು 2002ರಲ್ಲಿ, ಸಿಕೆ-4 ಬಂದದ್ದು 2016ರಲ್ಲಿ. ಒಂದು ಆಯಿಲ್ ಎಷ್ಟು ಮಸಿ ತಡೆಯುತ್ತೆ, ಎಷ್ಟು ಸವೆತ ತಡೆಯುತ್ತೆ ಅಂತ ಎಂಜಿನ್ ಓಡಿಸಿ ಪರೀಕ್ಷೆ ಮಾಡಿ ಕೊಡುವ ದರ್ಜೆ ಇದು. ಸಿಐ-4 ಪಾಸಾದ ಮಿನರಲ್ ಆಯಿಲ್ ಮತ್ತು ಸಿಐ-4 ಪಾಸಾದ ಸಿಂಥೆಟಿಕ್ ಆಯಿಲ್ ಇಬ್ಬರೂ ಅದೇ ಪರೀಕ್ಷೆ ಬರೆದು ಪಾಸಾದವರು. ಒಬ್ಬರಿಗೆ ಮಾರ್ಕ್ಸ್ ಸ್ವಲ್ಪ ಹೆಚ್ಚು ಬಂದಿರಬಹುದು.

ಹೊಸ ಗಾಡಿ ಇದ್ದರೆ ಈ ಅಕ್ಷರ ಇನ್ನೂ ಮುಖ್ಯ. ಭಾರತದಲ್ಲಿ 1 ಏಪ್ರಿಲ್ 2020ರಿಂದ ಬಿಎಸ್-6 ಬಂತು. ಬಿಎಸ್-6 ಲಾರಿಗಳ ಸೈಲೆನ್ಸರ್ ಹಾದಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಆಯಿಲ್ ಸ್ವಲ್ಪ ಉರಿದಾಗ ಅದರ ಅಡಿಟಿವ್‌ನಲ್ಲಿರುವ ಲೋಹ ಬೂದಿಯಾಗಿ ಅಲ್ಲಿ ಕೂರುತ್ತೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಸುಡಲಾಗದು. ಅದಕ್ಕೆ ಸಿಕೆ-4 ಆಯಿಲ್‌ನಲ್ಲಿ ಸಲ್ಫೇಟೆಡ್ ಬೂದಿ 1 ಶೇಕಡಾ ಮೀರಬಾರದು ಅಂತ ನಿಯಮ. ಬಿಎಸ್-6 ಲಾರಿಗೆ ಕಂಪನಿ ಕಡಿಮೆ ಬೂದಿಯ ಆಯಿಲ್ ಹೇಳಿದ್ದರೆ ಅದನ್ನೇ ಹಾಕಬೇಕು. ಅಲ್ಲಿ ಹಳೇ ದರ್ಜೆಯ ಆಯಿಲ್ ಹಾಕಿ ಉಳಿಸಿದ ದುಡ್ಡು ಫಿಲ್ಟರ್‌ಗೆ ಹೋಗುತ್ತೆ.

ಬೈಕಿಗೆ ಇನ್ನೊಂದು ಅಕ್ಷರ ಇದೆ: ಜಾಸೋ ಎಂಎ ಅಥವಾ ಎಂಎ2. ನಮ್ಮ ಗೇರ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಕೂಡ ಅದೇ ಎಂಜಿನ್ ಆಯಿಲ್‌ನಲ್ಲಿ ಮುಳುಗಿರುತ್ತೆ. ಕಾರಿನ ಆಯಿಲ್‌ನಲ್ಲಿ ಜಾರಿಕೆ ಹೆಚ್ಚಿಸುವ ಅಡಿಟಿವ್ ಇರಬಹುದು. ಅದನ್ನು ಬೈಕಿಗೆ ಹಾಕಿದರೆ ಕ್ಲಚ್ ಪ್ಲೇಟೂ ಜಾರುತ್ತೆ. ಅಪ್ಪನ ಕಾರಿಗೆ ತಂದ ಉಳಿದ ಸಿಂಥೆಟಿಕ್ ಅಂತ ನಿಮ್ಮ ಬೈಕಿಗೆ ಸುರಿಯಬೇಡಿ.

ಸಿಂಥೆಟಿಕ್ ನಿಜವಾಗಿ ಎಲ್ಲಿ ಗೆಲ್ಲುತ್ತೆ

ಬಿಸಿಯಲ್ಲಿ. ಆಯಿಲ್ ಗಾಳಿಯೊಂದಿಗೆ ಸೇರಿ ಹಾಳಾಗುವ ವೇಗ, ಸ್ಥೂಲ ಲೆಕ್ಕದಲ್ಲಿ, ಪ್ರತಿ 10 ಡಿಗ್ರಿ ಏರಿಕೆಗೆ ಎರಡು ಪಟ್ಟಾಗುತ್ತೆ. ಟರ್ಬೋ ಇರುವ ಎಂಜಿನ್‌ನಲ್ಲಿ ಟರ್ಬೋ ಶಾಫ್ಟ್‌ನ ಬೇರಿಂಗ್ ಭಾರಿ ಬಿಸಿ. ಸಿಂಥೆಟಿಕ್ ಇಲ್ಲಿ ಕಡಿಮೆ ಆವಿಯಾಗುತ್ತೆ, ಕಡಿಮೆ ಕರಕಲು ಕಟ್ಟುತ್ತೆ, ಹೆಚ್ಚು ದಿನ ಬಾಳುತ್ತೆ. ಹೊಸ ಲಾರಿಗಳಿಗೆ ಕಂಪನಿಗಳೇ ಉದ್ದ ಗಡುವು ಕೊಟ್ಟಿರೋದು ಇಂಥ ಆಯಿಲ್, ದೊಡ್ಡ ಸಂಪ್, ಒಳ್ಳೇ ಫಿಲ್ಟರ್ ಮೂರೂ ಸೇರಿರೋದರಿಂದ.

ಆದರೆ ಬಸವಕಲ್ಯಾಣದಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ, ಅದಕ್ಕೆ ಸಿಂಥೆಟಿಕ್ ಬೇಕೇ ಬೇಕು ಅನ್ನೋ ವಾದ ಲಾರಿಗೆ ಅಷ್ಟು ಸರಿ ಅಲ್ಲ. ನೀರಿನಿಂದ ತಣ್ಣಗಾಗುವ ಎಂಜಿನ್ನಿಗೆ ಥರ್ಮೋಸ್ಟಾಟ್ ಇದೆ, ರೇಡಿಯೇಟರ್ ಸರಿ ಇದ್ದರೆ ಹೊರಗಿನ ಬಿಸಿ ಒಳಗೆ ಅಷ್ಟು ಬದಲಾವಣೆ ಮಾಡೋದಿಲ್ಲ. ಗಾಳಿಯಿಂದ ತಣ್ಣಗಾಗುವ ಬೈಕಿಗೆ ಮಾತ್ರ ಈ ವಾದ ಹೊಂದುತ್ತೆ. ಬಿಸಿಲಲ್ಲಿ, ಟ್ರಾಫಿಕ್‌ನಲ್ಲಿ, ಮೂರು ಜನ ಕೂತು ಹೋಗೋ ಬೈಕಿನ ಆಯಿಲ್ ನಿಜವಾಗಿ ಬೇಯುತ್ತೆ. (ಮೂರು ಜನ ಕೂಡಬೇಡಿ.)

ಇನ್ನು ಧೂಳು. ನಮ್ಮ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣೂ ಇದೆ, ಕರಿ ಎರೆ ಮಣ್ಣೂ ಇದೆ. ಏರ್ ಫಿಲ್ಟರ್ ಹರಿದಿದ್ದರೆ ಆ ಧೂಳು ನೇರ ಸಿಲಿಂಡರ್‌ಗೆ ಹೋಗಿ ಆಯಿಲ್‌ಗೆ ಇಳಿಯುತ್ತೆ, ಮರಳು ಕಾಗದದ ಕೆಲಸ ಮಾಡುತ್ತೆ. ಯಾವ ಸಿಂಥೆಟಿಕ್ಕೂ ಇದನ್ನು ತಡೆಯೋದಿಲ್ಲ. ಆಯಿಲ್‌ಗೆ ಹೆಚ್ಚು ಖರ್ಚು ಮಾಡುವ ಮುಂಚೆ ಏರ್ ಫಿಲ್ಟರ್‌ಗೆ ಮಾಡಬೇಕು.

ಕಾಕಾ ಲಾರಿಯ ಲೆಕ್ಕ

ನಾವು ಮೊದಲೇ ಹಾಕಬೇಕಾಗಿದ್ದ ಲೆಕ್ಕ ಇದು. ಸಂಪ್ 15 ಲೀಟರ್ ಅಂತ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ ಮಿನರಲ್ ಲೀಟರ್‌ಗೆ 300 ರೂಪಾಯಿ, ಸಿಂಥೆಟಿಕ್ 600, ಫಿಲ್ಟರ್ ಮತ್ತು ಕೂಲಿ ಸೇರಿ 1,000 ಅಂತ ಹಿಡಿಯೋಣ. ನಿಮ್ಮ ಊರಿನ ರೇಟ್ ಹಾಕಿ ನೀವೇ ಮತ್ತೆ ಮಾಡಿ ನೋಡಿ.

ಮಿನರಲ್: ಒಂದು ಸಲಕ್ಕೆ 5,500 ರೂಪಾಯಿ. 30,000 ಕಿ.ಮೀ.ಗೆ ಎರಡು ಸಲ, ಒಟ್ಟು 11,000. ಸಿಂಥೆಟಿಕ್: 30,000 ಕಿ.ಮೀ.ಗೆ ಒಂದೇ ಸಲ, 10,000. ಉಳಿತಾಯ 1,000 ರೂಪಾಯಿ. ನಾವು ಆಗ ಮನಸ್ಸಲ್ಲೇ ಇಷ್ಟು ಮಾಡಿ ಖುಷಿಪಟ್ಟಿದ್ದೆವು.

ಈಗ ಎಂಜಿನ್ ಆಯಿಲ್ ಕುಡಿಯೋದನ್ನು ಸೇರಿಸಿ. 2,000 ಕಿ.ಮೀ.ಗೆ ಒಂದು ಲೀಟರ್ ಅಂದರೆ 30,000ಕ್ಕೆ 15 ಲೀಟರ್ ಟಾಪ್‌ಅಪ್. ಮಿನರಲ್ ಆದರೆ 4,500, ಒಟ್ಟು 15,500. ಸಿಂಥೆಟಿಕ್ ಆದರೆ 9,000, ಒಟ್ಟು 19,000. ಅಂದರೆ ಗಡುವು ಡಬಲ್ ಮಾಡಿದರೂ ಸಿಂಥೆಟಿಕ್‌ಗೆ 3,500 ರೂಪಾಯಿ ಹೆಚ್ಚು. ಆಯಿಲ್ ಕುಡಿಯುವ ಎಂಜಿನ್ನಿಗೆ ದುಬಾರಿ ಆಯಿಲ್ ಹಾಕೋದು ಅಂದರೆ ದುಬಾರಿ ಆಯಿಲನ್ನು ಸೈಲೆನ್ಸರ್‌ನಿಂದ ಹೊರಗೆ ಬಿಡೋದು. ಟಾಪ್‌ಅಪ್ ಮಾಡದೇ ಹೋದರೆ ಏನಾಗುತ್ತೆ ಅಂತ ಮೇಲೆ ಹೇಳಿದೆವು. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಸೆಟ್, ಕೂಲಿ, ನಿಂತ ದಿನಗಳ ಬಾಡಿಗೆ ಎಲ್ಲ ಕೂಡಿದರೆ ಎಷ್ಟೋ ವರ್ಷದ ಆಯಿಲ್ ಖರ್ಚು ಒಮ್ಮೆಲೇ ಹೋಗುತ್ತೆ.

ಅದೇ ಎಂಜಿನ್ ಹೊಸದಾಗಿದ್ದು, ಆಯಿಲ್ ಕುಡಿಯದೇ, ಕಂಪನಿಯೇ ಉದ್ದ ಗಡುವು ಒಪ್ಪಿದ್ದರೆ ಮೊದಲ ಲೆಕ್ಕ ಸರಿ. ಅಲ್ಲಿ ಸಿಂಥೆಟಿಕ್ ಗೆಲ್ಲುತ್ತೆ, ಲಾರಿ ಗ್ಯಾರೇಜಿನಲ್ಲಿ ನಿಲ್ಲುವ ದಿನಗಳೂ ಕಡಿಮೆಯಾಗುತ್ತವೆ.

ಮಲ್ಪೆಯ ದೋಣಿ, ಹುಮನಾಬಾದ್‌ನ ಟ್ರ್ಯಾಕ್ಟರ್

ಹಾಸ್ಟೆಲ್‌ನಲ್ಲಿ ನಮ್ಮ ಪಕ್ಕದ ರೂಮಿನವನು ಮಲ್ಪೆ ಕಡೆಯವನು. ಅವರ ಮನೆಯಲ್ಲಿ ಮೀನುಗಾರಿಕೆ ದೋಣಿ ಇದೆ. ನಮ್ಮ ಲಾರಿ ಪುರಾಣ ಕೇಳಿ ಅವನು, "ನಮ್ಮ ಬೋಟಿನ ಎಂಜಿನ್ನೂ ನಿಮ್ಮ ಲಾರಿ ಕಂಪನಿಯದ್ದೇ ಮಾರಾಯ" ಅಂದ. ಅಶೋಕ್ ಲೇಲ್ಯಾಂಡ್ ಲಾರಿ ಎಂಜಿನ್ ಜೊತೆ ಮರೈನ್ ಎಂಜಿನ್ನೂ ಮಾಡುತ್ತೆ. ಎಂಜಿನ್ ಅಣ್ಣತಮ್ಮ ಆದರೆ ಆಯಿಲ್ ನಿರ್ಧಾರವೂ ಒಂದೇ ಇರಬೇಕಲ್ಲ? ಇಲ್ಲ, ಕೆಲಸ ಬೇರೆ.

ಲಾರಿ ಇಳಿಜಾರಿನಲ್ಲಿ ಉಸಿರು ಬಿಡುತ್ತೆ, ಖಾಲಿ ಬರುವಾಗ ಹಗುರ ಓಡುತ್ತೆ. ದೋಣಿಗೆ ಇಳಿಜಾರು ಇಲ್ಲ. ಪ್ರೊಪೆಲ್ಲರ್ ಯಾವಾಗಲೂ ನೀರನ್ನು ತಳ್ಳುತ್ತಲೇ ಇರಬೇಕು. ಅದಕ್ಕೆ ಬೇಕಾದ ಪವರ್ ಸುಮಾರಾಗಿ ಆರ್‌ಪಿಎಂನ ಘನಕ್ಕೆ ಅನುಪಾತದಲ್ಲಿರುತ್ತೆ. ಆರ್‌ಪಿಎಂ 10 ಶೇಕಡಾ ಇಳಿಸಿದರೆ 0.9ರ ಘನ 0.729, ಅಂದರೆ ಲೋಡ್ 27 ಶೇಕಡಾ ಇಳಿಯುತ್ತೆ. ಆಯಿಲ್ ಬದಲಿಸುವ ಬದಲು ಸ್ವಲ್ಪ ನಿಧಾನ ಹೋದರೂ ಎಂಜಿನ್ ಹೆಚ್ಚು ಬಾಳುತ್ತೆ. ಮತ್ತೆ, ದೋಣಿಯಲ್ಲಿ ಕಿಲೋಮೀಟರ್ ಲೆಕ್ಕ ಇಲ್ಲ, ಗಂಟೆ ಲೆಕ್ಕ. ಉಪ್ಪು ಗಾಳಿ, ತೇವ ಇರೋದರಿಂದ ಆಯಿಲ್‌ಗೆ ತುಕ್ಕು ತಡೆಯುವ ಶಕ್ತಿ ಹೆಚ್ಚು ಬೇಕು. ಔಟ್‌ಬೋರ್ಡ್ ಪೆಟ್ರೋಲ್ ಎಂಜಿನ್‌ಗಳಿಗೆ ಅದಕ್ಕೇ ಬೇರೆ ದರ್ಜೆ ಇದೆ: ನಾಲ್ಕು ಸ್ಟ್ರೋಕ್‌ಗೆ ಎಫ್‌ಸಿ-ಡಬ್ಲ್ಯೂ, ಎರಡು ಸ್ಟ್ರೋಕ್‌ಗೆ ಟಿಸಿ-ಡಬ್ಲ್ಯೂ3. ಎಫ್‌ಸಿ-ಡಬ್ಲ್ಯೂ ಪಡೆಯಲು ತುಕ್ಕಿನ ಪರೀಕ್ಷೆಯೂ ಪಾಸಾಗಬೇಕು. ಕಾರಿನ ದುಬಾರಿ ಸಿಂಥೆಟಿಕ್ ಆ ಪರೀಕ್ಷೆ ಬರೆದೇ ಇಲ್ಲ. ಹಾಗಾಗಿ ದೋಣಿಗೆ ದರ್ಜೆ ಸರಿ ಇರುವ ಸಾದಾ ಆಯಿಲ್, ದರ್ಜೆ ಇಲ್ಲದ ಸಿಂಥೆಟಿಕ್‌ಗಿಂತ ಮೇಲು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ದೋಣಿ ಸುಮ್ಮನೆ ನಿಲ್ಲುತ್ತೆ. ಓಡಿದ ಆಯಿಲ್‌ನಲ್ಲಿ ಆಮ್ಲ, ನೀರಿನ ಅಂಶ, ಮಸಿ ಇರುತ್ತೆ. ಅದನ್ನೇ ಒಳಗಿಟ್ಟು ಎರಡು ತಿಂಗಳು ನಿಲ್ಲಿಸಿದರೆ ಬೇರಿಂಗ್ ಮೇಲ್ಮೈ ತಿನ್ನುತ್ತೆ. ಆದ್ದರಿಂದ ಆಯಿಲನ್ನು ದೋಣಿ ನಿಲ್ಲಿಸುವ ಮುಂಚೆ ಬದಲಿಸಬೇಕು, ಮತ್ತೆ ಶುರು ಮಾಡುವಾಗ ಅಲ್ಲ.

ಇದನ್ನು ಕೇಳಿದ ಕೂಡಲೇ ನಮ್ಮ ಹುಮನಾಬಾದ್‌ನವನಿಗೆ ಮನೆಯ ಟ್ರ್ಯಾಕ್ಟರ್ ನೆನಪಾಯಿತು. ಟ್ರ್ಯಾಕ್ಟರ್ ಕೂಡ ದೋಣಿ ಹಾಗೆಯೇ. ರೋಟಾವೇಟರ್ ಹಚ್ಚಿದರೆ ಗಂಟೆಗಟ್ಟಲೆ ಒಂದೇ ಸಮ ಲೋಡ್, ಗಂಟೆ ಮೀಟರ್ ಲೆಕ್ಕ, ಹಂಗಾಮು ಮುಗಿದ ಮೇಲೆ ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲೋದು. ಅವನ ಮನೆಯಲ್ಲಿ ಆಯಿಲ್ ಬದಲಿಸೋದು ಯಾವಾಗಲೂ ಮಳೆಗಾಲದ ಬಿತ್ತನೆಗೆ ಮುಂಚೆ. ಈಗ ಕಬ್ಬಿನ ಕೆಲಸ ಮುಗಿದು ಗಾಡಿ ನಿಲ್ಲಿಸುವಾಗಲೇ ಬದಲಿಸ್ತಾರೆ. ಆಯಿಲ್ ಅದೇ ಸಾದಾ 15ಡಬ್ಲ್ಯೂ-40, ಹೆಚ್ಚಿನ ಖರ್ಚು ಒಂದು ರೂಪಾಯಿ ಇಲ್ಲ. ವರ್ಷಕ್ಕೆ ಸ್ವಲ್ಪವೇ ಗಂಟೆ ಓಡುವ ಗಾಡಿಗೆ ಸಿಂಥೆಟಿಕ್ ಹಾಕಿದರೂ ದಿನದ ಲೆಕ್ಕದಲ್ಲಿ ಬದಲಿಸಲೇಬೇಕು. ಅದರ ದೀರ್ಘ ಆಯುಷ್ಯ ಅಲ್ಲಿ ವೇಸ್ಟ್.

ಕೇಳಿಬರುವ ನಾಲ್ಕು ಮಾತು

"ಆಯಿಲ್ ಕಪ್ಪಾಯ್ತು, ಕೆಟ್ಟದ." ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗನೇ ಕಪ್ಪಾಗುತ್ತೆ. ಮಸಿಯನ್ನು ಎಂಜಿನ್ನಿಗೆ ಅಂಟದಂತೆ ತನ್ನೊಳಗೆ ಹಿಡಿದಿದೆ ಅಂತ ಅರ್ಥ. ಬೆರಳಿಗೆ ಹಚ್ಚಿ ತಿಕ್ಕಿ ಆಯಸ್ಸು ಹೇಳೋಕಾಗಲ್ಲ. ಆದರೆ ಹಾಲು ಬೆರೆಸಿದ ಚಹಾ ತರಹ ಕಂಡರೆ ನೀರು ಸೇರಿದೆ, ತಕ್ಷಣ ನಿಲ್ಲಿಸಬೇಕು.

"ಒಮ್ಮೆ ಸಿಂಥೆಟಿಕ್ ಹಾಕಿದ್ರ ಮತ್ತ ಸಾದಾ ಹಾಕಬಾರದು." ಹಾಕಬಹುದು. ದಾರಿಯಲ್ಲಿ ಆಯಿಲ್ ಕಡಿಮೆಯಾದರೆ ಅದೇ ಗ್ರೇಡ್, ಅದೇ ದರ್ಜೆಯ ಮಿನರಲ್ ಬೆರೆಸಿದರೂ ಏನೂ ಸಿಡಿಯೋದಿಲ್ಲ. ಸಿಂಥೆಟಿಕ್‌ನ ಲಾಭ ಅಷ್ಟು ಕಡಿಮೆಯಾಗುತ್ತೆ, ಅಷ್ಟೇ. ಆಯಿಲ್ ಇಲ್ಲದೇ ಓಡಿಸೋದಕ್ಕಿಂತ ಸಾವಿರ ಪಾಲು ಚಲೋ.

"ಸಿಂಥೆಟಿಕ್ ಹಾಕಿದ್ರ ಸೀಲ್ ಸೋರ್ತದ." ಅರ್ಧ ನಿಜ. ಹಳೇ ಎಂಜಿನ್‌ನಲ್ಲಿ ಒಣಗಿದ ರಬ್ಬರ್ ಸೀಲ್‌ನ ಸಂದಿಯನ್ನು ಹಳೇ ಕೊಳೆ ಮುಚ್ಚಿರುತ್ತೆ. ಹೊಸ ಆಯಿಲ್ ಕೊಳೆ ತೊಳೆದಾಗ ಸಂದಿ ತೆರೆಯುತ್ತೆ. ಸೀಲ್ ಮೊದಲೇ ಹೋಗಿತ್ತು, ಈಗ ಕಂಡಿತು.

"ಅಂಗಡಿಯವರು ಕಡಿಮೆ ರೇಟಿಗೆ ಕೊಟ್ರು." ಒಳ್ಳೇ ಕಂಪನಿಯ ಖಾಲಿ ಡಬ್ಬಿಗೆ ಬೇರೆ ಆಯಿಲ್ ತುಂಬಿ ಮಾರೋರು ಇರ್ತಾರೆ. ಸೀಲ್ ನೋಡಿ, ಬಿಲ್ ಕೇಳಿ. ಆಯಿಲ್ ಹಾಕಿದ ಮೇಲೆ ಡಬ್ಬಿಗೆ ತೂತು ಹೊಡೆದು ಕೊಡಿ. ತೆಗೆದ ಹಳೇ ಆಯಿಲನ್ನು ನಾಲೆಗೆ ಬಿಡಬೇಡಿ, ಅದರಲ್ಲಿ ಲೋಹ, ಆಮ್ಲ ಎಲ್ಲ ಇರುತ್ತೆ. ಅದನ್ನು ಮರುಶುದ್ಧ ಮಾಡುವವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಿ.

ಹಾಗಾದರೆ ಏನು ಹೇಳಬೇಕು?

ಊರಲ್ಲಿ ಯಾರಾದರೂ ಕೇಳಿದರೆ ನಾವು ಈಗ ಉತ್ತರ ಕೊಡೋ ಮುಂಚೆ ನಾಲ್ಕು ಪ್ರಶ್ನೆ ಕೇಳ್ತೀವಿ. ಗಾಡಿಯ ಹ್ಯಾಂಡ್‌ಬುಕ್‌ನಲ್ಲಿ ಯಾವ ಗ್ರೇಡ್, ಯಾವ ದರ್ಜೆ ಇದೆ? ಎಂಜಿನ್ ಆಯಿಲ್ ಕುಡಿಯುತ್ತಾ, ಎಷ್ಟು? ತಿಂಗಳಿಗೆ ಎಷ್ಟು ಓಡುತ್ತೆ, ಎಷ್ಟು ದಿನ ನಿಂತಿರುತ್ತೆ? ಟರ್ಬೋ ಇದೆಯಾ, ಬಿಎಸ್-6 ಏನು?

ಹ್ಯಾಂಡ್‌ಬುಕ್ ಸಿಂಥೆಟಿಕ್ ಕೇಳಿದ್ದರೆ ಅದನ್ನೇ ಹಾಕಬೇಕು, ಅಲ್ಲಿ ಚರ್ಚೆ ಇಲ್ಲ. ಹೊಸ ಟರ್ಬೋ ಎಂಜಿನ್, ದಿನಾ ದೂರ ಓಡುವ ಗಾಡಿ, ಬಿಸಿಲಲ್ಲಿ ದುಡಿಯುವ ಒಳ್ಳೇ ಸ್ಥಿತಿಯ ಬೈಕ್ ಇದ್ದರೆ ಸಿಂಥೆಟಿಕ್‌ಗೆ ಕೊಟ್ಟ ದುಡ್ಡು ವಾಪಸ್ ಬರುತ್ತೆ. ಹಳೇ ಲಾರಿ, ಆಯಿಲ್ ಕುಡಿಯುವ ಎಂಜಿನ್, ಹಂಗಾಮಿನ ಟ್ರ್ಯಾಕ್ಟರ್ ಇದ್ದರೆ ಸರಿಯಾದ ದರ್ಜೆಯ ಸಾದಾ ಆಯಿಲ್ ಸಾಕು, ಗಡುವಿಗೆ ಸರಿಯಾಗಿ ಬದಲಿಸಿದರೆ. ಮತ್ತೆ ಯಾವ ಆಯಿಲ್ ಹಾಕಿದರೂ ಕಂಪನಿ ಹೇಳಿದ ಗಡುವನ್ನು ನಾವಾಗಿ ಹೆಚ್ಚಿಸಬಾರದು.

ಕಾಕಾ ಈಗ ಮತ್ತೆ ಸಾದಾ 15ಡಬ್ಲ್ಯೂ-40 ಹಾಕ್ತಾರೆ, 15,000ಕ್ಕೆ ಬದಲಿಸ್ತಾರೆ. ಬೆಳಿಗ್ಗೆ ಗಾಡಿ ಸಮ ನೆಲದ ಮೇಲೆ ನಿಂತಿರುವಾಗ, ಚಾಲೂ ಮಾಡೋ ಮುಂಚೆ, ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡ್ತಾರೆ. ಹೋದ ರಜೆಯಲ್ಲಿ ನಮ್ಮ ಕೈಗೇ ಕೊಟ್ಟು, "ನೋಡ್ರಪಾ ಎಂಜಿನಿಯರ್‌ಗೋಳ್ಯಾ, ಎಷ್ಟದ ಹೇಳ್ರಿ" ಅಂದರು. ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ಇತ್ತು. "ಸರಿ ಅದ ಕಾಕಾ" ಅಂದೆವು. ಈ ಸಲ ನೋಡಿ ಹೇಳಿದ್ದೆವು.